ಬರಿದಲೆ ಮಡು

ಕೃಷ್ಣೆಯ ಈ ದಡದ ಹೊಳೆಮುದ್ದಾಪುರದಿಂದ ಆಚೆ ದಡದ ಗಡ್ಡಿಹಾಳಕ್ಕೆ ಹೋಗುವವರು ಇಂದಿಗೂ ದೋಣಿಯನ್ನೇ ಹತ್ತುತ್ತಾರೆ. ದೂರದಲ್ಲಿ ಸೇತುವೆಯಿದೆ, ಆದರೆ ಅದನ್ನು ಸುತ್ತಿಕೊಂಡು ಹೋಗುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿರುತ್ತದೆ. ದೋಣಿ ಹೊರಡುವ ಜಾಗದಲ್ಲಿ ಹೊಳೆ ತುಸು ಬಾಗಿ, ಅಗಲವಾಗಿ, ಹರಿಯುವುದನ್ನೇ ಮರೆತಂತೆ ನಿಂತಿದೆ. ನಡುನೀರಿನಲ್ಲಿ ಎಮ್ಮೆಯ ಬೆನ್ನಿನಂತಹ ಕರಿಬಂಡೆಯೊಂದಿದೆ, ಅದರ ನೆತ್ತಿಯಲ್ಲಿ ಮೊಳದುದ್ದದ ಕಲ್ಲಿನ ಹೆಣ್ಣುಮಗಳೊಬ್ಬಳು ನಿಂತಿದ್ದಾಳೆ. ಈ ಸೀಮೆಯ ದೇವತೆಗಳಿಗೆಲ್ಲ ಕಿರೀಟವೋ ಸೆರಗೋ ಇದ್ದೇ ಇರುತ್ತದೆ, ಇವಳಿಗೆ ಎರಡೂ ಇಲ್ಲ. ಇವಳ ನೆತ್ತಿ ಬರಿದು. ಈ ಜಾಗಕ್ಕೆ ಬರಿದಲೆ ಮಡು ಎಂಬ ಹೆಸರು ಬಂದದ್ದು ಇವಳಿಂದಲೇ ಎನ್ನುತ್ತಾರೆ.

ಇಲ್ಲಿ ದೋಣಿ ಹತ್ತಿದವರು ತಲೆಯ ಮೇಲಿದ್ದುದನ್ನು ತೆಗೆದು ತೊಡೆಯ ಮೇಲಿಟ್ಟುಕೊಳ್ಳಬೇಕು. ಮುದುಕರು ರುಮಾಲು ಬಿಚ್ಚುತ್ತಾರೆ, ಮೋಟಾರ್ ಸೈಕಲ್ಲನ್ನು ದೋಣಿಗೇರಿಸಿದವರು ಹೆಲ್ಮೆಟ್ ಕಳಚುತ್ತಾರೆ. ಮನೆಯೊಳಗೂ ಸೆರಗು ಜಾರಲು ಬಿಡದ ಹೆಂಗಸರು ಇಲ್ಲಿ ಮಾತ್ರ ತಾವಾಗಿಯೇ ಸೆರಗನ್ನು ಹೆಗಲಿಗೆ ಇಳಿಸುತ್ತಾರೆ. ಕ್ರಿಕೆಟ್ ಕಾಲದಲ್ಲಿ ಆಚೆ ಊರಿನ ದೊಡ್ಡ ಪರದೆಯ ಮೇಲೆ ಆಟ ನೋಡಲು ಹೋಗುವ ಹುಡುಗರ ಗುಂಪು ಬರುವುದುಂಟು. ಒಬ್ಬನ ತಲೆಯ ಮೇಲೆ ಕೋಡಿನ ಟೊಪ್ಪಿಗೆ, ಇನ್ನೊಬ್ಬನದು ಕೆಂಪು ಹಳದಿ ಬಣ್ಣದ ಕೃತಕ ಕೂದಲು, ಮತ್ತೊಬ್ಬನು ಕಲ್ಲಂಗಡಿಯ ಸಿಪ್ಪೆಯನ್ನೇ ಕೊರೆದು ಬೋರಲು ಹಾಕಿಕೊಂಡಿರುತ್ತಾನೆ. ಅವರ ಗದ್ದಲಕ್ಕೆ ದೋಣಿಯವನು ಏನೂ ಅನ್ನುವುದಿಲ್ಲ, ಹುಟ್ಟನ್ನು ಅಡ್ಡ ಇಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಾನೆ. ಕೊನೆಯ ಟೊಪ್ಪಿಗೆ ಇಳಿಯುವವರೆಗೆ ದೋಣಿ ಕದಲುವುದಿಲ್ಲ. ಹೊಸಬರು ಇದನ್ನು ದೇವರ ಮರ್ಯಾದೆ ಎಂದುಕೊಳ್ಳುತ್ತಾರೆ. ಅಲ್ಲ, ಇದು ಮರ್ಯಾದೆಯಲ್ಲ, ಹೆದರಿಕೆ. ಅದು ಎಲ್ಲಿಂದ ಬಂತು ಎಂದು ತಿಳಿಯಲು ಬಹಳ ಹಿಂದಕ್ಕೆ ಹೋಗಬೇಕು.

ಹಿಂದೆ ಒಮ್ಮೆ, ಈ ಎರಡೂ ಊರುಗಳ ನಡುವೆ ಪ್ರತಿವರ್ಷ ಈಜಿನ ಪಂತ ನಡೆಯುತ್ತಿತ್ತಂತೆ. ಸಂಕ್ರಾಂತಿಯ ಮರುದಿನದ ಕರಿಯಂದು ಎರಡೂ ದಡಗಳಿಂದ ಒಬ್ಬೊಬ್ಬ ಈಜುಗಾರ ನೀರಿಗೆ ಬೀಳುವುದು, ನಡುಬಂಡೆಯನ್ನು ಮೊದಲು ಮುಟ್ಟಿದವನ ಊರು ಗೆಲ್ಲುವುದು. ಗೆದ್ದ ಊರಿಗೆ ಆ ವರ್ಷ ಹೊಳೆಯ ನಡುಗಡ್ಡೆಯಲ್ಲಿ ಕಲ್ಲಂಗಡಿ, ಸೌತೆ ಬಿತ್ತುವ ಹಕ್ಕು. ಮಳೆಗಾಲದ ಮೆಕ್ಕಲು ಕೂತ ಆ ಗಡ್ಡೆಯಲ್ಲಿ ಬೀಜ ಎಸೆದರೆ ಸಾಕು, ಬಳ್ಳಿ ತಾನೇ ಹಬ್ಬುತ್ತಿತ್ತು. ಬೇಸಗೆಯ ನಾಲ್ಕು ತಿಂಗಳು ಒಂದೂರು ಹೊಟ್ಟೆತುಂಬ ಉಂಡರೆ ಇನ್ನೊಂದೂರು ತನ್ನ ದಡದಲ್ಲಿ ನಿಂತು ನೋಡಬೇಕಿತ್ತು. ಆದ್ದರಿಂದ ಪಂತ ಎಂದರೆ ಬರೀ ಆಟವಾಗಿರಲಿಲ್ಲ, ಆಟದ ವೇಷ ಮಾತ್ರ ಇತ್ತು.

ಊರಿಗೊಂದು ಅಡ್ಡಹೆಸರೂ ಇತ್ತು. ಮುದ್ದಾಪುರದವರು ಹೊಳೆದಂಡೆಯ ತುಂಬ ಬದನೆ ಬೆಳೆದು, ಬೆಳಿಗ್ಗೆ ಅದರ ಪಲ್ಯ, ಸಂಜೆ ಅದರದೇ ಎಣ್ಣೆಗಾಯಿ ಮಾಡಿಕೊಂಡು ತಿನ್ನುತ್ತಿದ್ದರು. ಬದನೆಗೆ ಈ ಕಡೆ ಮುಳಗಾಯಿ ಎನ್ನುವುದರಿಂದ ಗಡ್ಡಿಹಾಳದವರು ಅವರನ್ನು ಮುಳಗಾಯಿ ಮಂದಿ ಎಂದು ಕರೆದರು. ಚಳಿಗಾಲದ ಬಿಸಿಲಿಗೆ ಮರಳಿನ ಮೇಲೆ ಮಧ್ಯಾಹ್ನದವರೆಗೆ ಅಂಗಾತ ಬಿದ್ದಿರುವ ಗಡ್ಡಿಹಾಳದವರಿಗೆ ಮುದ್ದಾಪುರದವರು ಮೊಸಳೆ ಮಂದಿ ಎಂದು ಹೆಸರಿಟ್ಟರು. ಮೊದಮೊದಲು ಈ ಹೆಸರಿಗೆ ತಲೆಗಳು ಒಡೆದವು, ಆಮೇಲೆ ಅದೇ ಹೆಸರು ತಲೆಗೇರಿತು. ಮುದ್ದಾಪುರದವರು ನೇರಳೆ ಬಟ್ಟೆಯಲ್ಲಿ ಅರಳೆ ತುರುಕಿ, ಮೇಲೆ ಹಸಿರು ತೊಟ್ಟು ಹೊಲಿದು, ಕರಿಯ ದಿನ ಮುಳಗಾಯಿಯ ಟೊಪ್ಪಿಗೆ ತೊಟ್ಟುಕೊಂಡು ಬಂದರು. ಗಡ್ಡಿಹಾಳದವರು ಬಿಡುತ್ತಾರೆಯೇ? ಈಚಲ ಗರಿಯಲ್ಲಿ ಮೊಸಳೆಯ ತಲೆ ಹೆಣೆದು, ಕೆಸರು ಬಳಿದು, ಕಣ್ಣಿಗೆ ಕವಡೆ ಕೂಡಿಸಿ ತೊಟ್ಟರು. ಅಷ್ಟಕ್ಕೇ ನಿಲ್ಲದೆ, ನಡುಬಂಡೆಯ ಪಕ್ಕದ ಮರಳದಿಬ್ಬದ ಅಂಚಿನಲ್ಲಿ ಕುತ್ತಿಗೆಯವರೆಗೆ ನೀರಿನಲ್ಲಿ ಇಳಿದು, ಟೊಪ್ಪಿಗೆಯಷ್ಟೇ ಕಾಣುವಂತೆ ಸಾಲಾಗಿ ಕೂರುವುದನ್ನು ರೂಢಿ ಮಾಡಿಕೊಂಡರು. ಮುದ್ದಾಪುರದ ಈಜುಗಾರ ಬಂಡೆ ಮುಟ್ಟಬೇಕಾದರೆ ಆ ಸಾಲಿನ ಮಗ್ಗುಲಲ್ಲೇ ಹಾಯಬೇಕಿತ್ತು. ನಿಜವಲ್ಲವೆಂದು ಗೊತ್ತಿದ್ದರೂ ನೀರಿನ ಮೇಲೆ ಅಷ್ಟೊಂದು ಮೊಸಳೆಮೂತಿ ಕಂಡಾಗ ಎಂತಹ ಗಂಡಸಿನ ಎದೆಯೂ ಒಂದು ಗಳಿಗೆ ತಣ್ಣಗಾಗುತ್ತಿತ್ತು.

ಈ ಟೊಪ್ಪಿಗೆಗಳಿಗೆ ಒಂದೇ ಒಂದು ಕಟ್ಟಳೆ ಇತ್ತು. ಬಂಡೆ ಮುಟ್ಟುವ ಮೊದಲು ಯಾರೂ ಟೊಪ್ಪಿಗೆ ತೆಗೆಯಬಾರದು. ಒಬ್ಬನ ತಲೆಯಿಂದ ಇಳಿದರೂ ಆ ಊರು ಸೋಲೊಪ್ಪಿದಂತೆ. ಹೀಗಾಗಿ ಗದ್ದಲದಲ್ಲಿ ಜಾರದಿರಲಿ ಎಂದು ಪುಂಡಿ ನಾರಿನ ಹುರಿಯಿಂದ ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕುತ್ತಿದ್ದರು. ಆ ಗಂಟನ್ನು ಅಕ್ಕನೋ ತಂಗಿಯೋ ಹಾಕಬೇಕು, ಅದು ಶುಭ ಎಂಬ ನಂಬಿಕೆ.

ಆ ಕಾಲದಲ್ಲಿ ಗಡ್ಡಿಹಾಳದಿಂದ ಮುದ್ದಾಪುರಕ್ಕೆ ಮದುವೆಯಾಗಿ ಬಂದ ಮಲಕವ್ವ ಎಂಬ ಅಂಬಿಗರ ಹೆಣ್ಣುಮಗಳಿದ್ದಳು. ಮೀನಿನ ಬುಟ್ಟಿ ಹೆಣೆಯುವುದರಲ್ಲಿ ಅವಳನ್ನು ಸರಿಗಟ್ಟುವವರು ಎರಡು ದಡದಲ್ಲೂ ಇರಲಿಲ್ಲ. ಅವಳ ಗಂಡ ಭರಮಪ್ಪ ಮುದ್ದಾಪುರದ ಈಜುಗಾರ, ಅವಳ ಬೆನ್ನಿಗೆ ಬಿದ್ದ ತಮ್ಮ ಲಗಮಣ್ಣ ಗಡ್ಡಿಹಾಳದ ಮೊಸಳೆ ಸಾಲಿನಲ್ಲಿ ಕೂರುವವನು. ಹೀಗೆ ಕರಿಯ ದಿನ ಬಂತೆಂದರೆ ಮಲಕವ್ವನ ಪಾಡು ಯಾರಿಗೂ ಬೇಡ ಎನ್ನುವಂತಿತ್ತು. ಅತ್ತೆಮನೆಯವರು ನಗುನಗುತ್ತಲೇ "ನಮ್ಮ ಸೊಸಿ ಉಣ್ಣೂದು ಮುಳಗಾಯಿ, ಕನಸು ಕಾಣೂದು ಮೊಸಳಿ" ಎಂದು ಚುಚ್ಚುತ್ತಿದ್ದರು. ತವರಿನವರು "ಗಂಡನ ಕೈ ಕಟ್ಟಿ ಹಾಕಬೇ ಒಂದ್ ದಿನ" ಎಂದು ಹೇಳಿ ಕಳಿಸುತ್ತಿದ್ದರು. ಅವಳು ಎರಡಕ್ಕೂ ನಕ್ಕು, ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಕೆಲಸ ನೋಡುತ್ತಿದ್ದಳು.

ಆ ವರ್ಷ ಲಗಮಣ್ಣ ಬಂದು ಅಕ್ಕನ ಮುಂದೆ ಕೂತ. "ಅಕ್ಕಾ, ಈ ಸಲ ನಮ್ಮೂರಿನ ಟೊಪ್ಪಿಗಿ ಎಲ್ಲಾ ನೀನ ಹೆಣಿಬೇಕು. ನೋಡಿದವರ ರಕ್ತ ಹೆಪ್ಪುಗಟ್ಟಬೇಕು" ಎಂದ. ಅವಳು ಬೇಡವೆನ್ನಲಿಲ್ಲ. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಕೇಳಿದಾಗ ಬೇಡವೆನ್ನುವ ನಾಲಿಗೆ ಅವಳಿಗಿರಲಿಲ್ಲ. ಭರಮಪ್ಪನೂ "ಹೆಣೀ, ಹೆಣೀ. ನಿನ್ನ ಮೊಸಳಿ ನನಗ ಕಚ್ತಾವೇನು?" ಎಂದು ನಕ್ಕನು. ಅವಳು ಮನಸ್ಸಿಟ್ಟು ಹೆಣೆದಳು. ಗರಿಯನ್ನು ಮಡಿಚಿ ಮಡಿಚಿ ಬೆನ್ನಿನ ಗಂಟುಗಳನ್ನು ಎಬ್ಬಿಸಿದಳು, ಮೂತಿಯ ತುದಿಗೆ ಉಬ್ಬು ಕೊಟ್ಟಳು, ಹಲ್ಲಿನ ಜಾಗದಲ್ಲಿ ಈಚಲ ಮುಳ್ಳು ಸಿಕ್ಕಿಸಿದಳು. ಕರಿಯ ಬೆಳಿಗ್ಗೆ ತಮ್ಮನ ತಲೆಗೆ ತಾನೇ ಟೊಪ್ಪಿಗೆ ಇಟ್ಟು, ಗದ್ದದ ಕೆಳಗೆ ಗಂಟು ಬಿಗಿದಳು. "ಇನ್ನೊಂದು ಗಂಟು ಹಾಕಕ್ಕಾ, ಜಾರಬಾರದು" ಎಂದ. ಅವಳು ಇನ್ನೊಂದು ಗಂಟು ಹಾಕಿದಳು.

ಹೊಳೆಯಲ್ಲಿ ನಿಜವಾದ ಮೊಸಳೆಗಳೂ ಇದ್ದವು, ಇಲ್ಲವೆಂದಲ್ಲ. ಅದಕ್ಕಾಗಿಯೇ ಪಂತಕ್ಕೆ ಮುಂಚೆ ಅಂಬಿಗರ ಹಿರಿಯನಾದ ದುರಗಪ್ಪ ದೋಣಿಯಲ್ಲಿ ಹಲಗೆ ಬಡಿಸುತ್ತ, ನೀರಿಗೆ ಕಲ್ಲೆಸೆಯುತ್ತ ಮಡುವನ್ನೆಲ್ಲ ಒಂದು ಸುತ್ತು ಸುತ್ತಿ, ಅವುಗಳನ್ನು ಕೆಳಗಿನ ಆಳಕ್ಕೆ ಅಟ್ಟಿಬರುತ್ತಿದ್ದನು. ಎಷ್ಟೋ ತಲೆಮಾರಿನಿಂದ ಹಾಗೆಯೇ ನಡೆದಿತ್ತು, ಯಾರ ಕೂದಲೂ ಕೊಂಕಿರಲಿಲ್ಲ. ಆ ಬೆಳಿಗ್ಗೆಯೂ ಹಾಗೆಯೇ ಸುತ್ತಿ ಮರಳದಿಬ್ಬದ ಬಳಿ ಬಂದಾಗ, ದಿಬ್ಬದ ಅಂಚಿನಲ್ಲಿ ಆಗಲೇ ಒಂದು ಮೂತಿ ನೀರಿನ ಮೇಲೆ ಕಂಡಿತು. ದುರಗಪ್ಪ ಬಾಯ್ತುಂಬ ನಕ್ಕು "ಯಾರೋ ನೀನು? ಮಂದಿ ಇನ್ನೂ ಬಂದಿಲ್ಲ, ಈಗಿಂದನ ಚಳಿಯಾಗ ಕುಂತಿಯೇನು?" ಎಂದು ಕೂಗಿದ. ಮಲಕವ್ವನ ಕೈಕೆಲಸವನ್ನು ಮೆಚ್ಚಿ ಹಲಗೆಯವನು ಅದರ ಮುಂದೆಯೇ ಒಂದು ಗತ್ತು ಬಾರಿಸಿದ. ಮೂತಿ ಮಾತಾಡಲಿಲ್ಲ. ಆಟದ ಗತ್ತು ಬಿಟ್ಟುಕೊಡುವುದಿಲ್ಲ ಮಗ, ಎಂದು ಅವರು ನಗುತ್ತಲೇ ದೋಣಿ ತಿರುಗಿಸಿದರು.

ಹೊತ್ತೇರಿತು. ಎರಡೂ ದಡಗಳು ಮಂದಿಯಿಂದ ಕಪ್ಪಾದವು. ಒಂದು ದಡದಲ್ಲಿ ನೇರಳೆ ಟೊಪ್ಪಿಗೆಗಳು ಕುಣಿಯುತ್ತಿದ್ದರೆ ನೀರಿನಲ್ಲಿ ಮೊಸಳೆ ಸಾಲು ಕೂತಿತ್ತು. ಈಜುಗಾರನ ಮನೆಯ ಹೆಣ್ಣುಮಗಳು ಒಣಬಟ್ಟೆ, ಎಳ್ಳುಂಡೆ ಹಿಡಿದುಕೊಂಡು ಬಂಡೆಯ ಬಳಿಯ ದೋಣಿಯಲ್ಲಿ ಕಾಯಬೇಕೆಂಬ ಪದ್ಧತಿಯಂತೆ ಮಲಕವ್ವ ದುರಗಪ್ಪನ ದೋಣಿಯಲ್ಲಿ ಕೂತಿದ್ದಳು. ಅಲೆಗೆ ಸರಿಯದಿರಲೆಂದು ದೋಣಿಯ ಹಗ್ಗಕ್ಕೆ ಭಾರದ ಕಲ್ಲು ಕಟ್ಟಿ ಮುಳುಗಿಸಿದ್ದರು. ಕಹಳೆ ಮೊಳಗಿತು, ಹಲಗೆ ಸಿಡಿಯಿತು, ಎರಡೂ ದಡಗಳಿಂದ ಈಜುಗಾರರು ಹಾರಿದರು. ಮಲಕವ್ವ ಗಂಡನನ್ನು ನೋಡಿದಳು, ಆಮೇಲೆ ತಾನು ಹೆಣೆದ ಸಾಲನ್ನು ನೋಡಿದಳು. ಮಾಡಿದವರ ಕಣ್ಣು ಮಾಡಿದ್ದನ್ನು ನೋಡದೆ ಬಿಡುವುದಿಲ್ಲ. ಒಂದೊಂದೇ ಮೂತಿಯ ಮೇಲೆ ಕಣ್ಣಾಡಿಸುತ್ತ ಬಂದವಳು ಲಗಮಣ್ಣನ ಪಕ್ಕದ ಮೂತಿಯ ಬಳಿ ನಿಂತಳು. ಇದನ್ನು ಯಾವಾಗ ಹೆಣೆದೆ? ಗರಿಯ ಮಡಿಕೆ ಹೀಗೆ ಕೂತದ್ದು ನೆನಪಿಲ್ಲವಲ್ಲ ಎಂದುಕೊಂಡಳು. ಅಷ್ಟರಲ್ಲಿ ಅದರ ಕಣ್ಣು ಮೆಲ್ಲಗೆ ಮುಚ್ಚಿ, ಮೆಲ್ಲಗೆ ತೆರೆಯಿತು.

ಕವಡೆ ರೆಪ್ಪೆ ಬಡಿಯುವುದಿಲ್ಲ. ಮಲಕವ್ವನ ಕೈಯಲ್ಲಿದ್ದ ಎಳ್ಳುಂಡೆಯ ಬಟ್ಟಲು ಉರುಳಿತು. ಅವಳು ಎದ್ದು ನಿಂತು ಕೂಗಿದಳು. ಹಲಗೆಯ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಕೈ ಬೀಸಿದಳು. ಮುದ್ದಾಪುರದ ದಡದವರು ಸೊಸೆ ಗಂಡನನ್ನು ಹುರಿದುಂಬಿಸುತ್ತಿದ್ದಾಳೆ ಎಂದು ತಾವೂ ಕೈ ಬೀಸಿದರು. ದಿಬ್ಬದ ಸಾಲಿನವರ ಕಡೆ ತಿರುಗಿ, ಟೊಪ್ಪಿಗೆ ತೆಗೆಯಿರಿ ಎಂದು ಸನ್ನೆ ಮಾಡಿದಳು. ಅವರು ಗೊಳ್ಳೆಂದು ನಕ್ಕರು. ತವರನ್ನು ಸೋಲಿಸಿ ಗಂಡನಿಗೆ ಗಡ್ಡೆ ಕೊಡಿಸಲು ಮಗಳು ಹೂಡಿದ ಆಟ ಎಂದು ಅವರು ತಿಳಿದರು. ಲಗಮಣ್ಣನೂ ನಕ್ಕನು. ಅವನ ಮಗ್ಗುಲಿನ ಮೂತಿ ಒಂದು ಮಾರು ಹತ್ತಿರ ಬಂದಿತ್ತು. ದುರಗಪ್ಪ ಅವಳ ಮುಖ ನೋಡಿ, ಅವಳು ನೋಡುತ್ತಿದ್ದ ಕಡೆ ನೋಡಿ, ಬೆಳಿಗ್ಗೆ ತಾನು ಯಾರನ್ನು ಮಾತಾಡಿಸಿದೆ ಎಂಬುದನ್ನು ಆಗ ತಿಳಿದುಕೊಂಡ. ದೋಣಿಯ ತುದಿಗೆ ಹೋಗಿ ಹಗ್ಗ ಹಿಡಿದೆಳೆದ. ಮರಳಲ್ಲಿ ಹೂತ ಕಲ್ಲು ಮೇಲೇಳಲಿಲ್ಲ.

ಆಗ ಮಲಕವ್ವ ಆ ಕಾಲದ ಯಾವ ಹೆಂಗಸೂ ಮಾಡದ ಕೆಲಸ ಮಾಡಿದಳು. ದೋಣಿಯ ಅಂಚಿಗೆ ಹತ್ತಿ ನಿಂತು, ತಲೆಯ ಮೇಲಿನ ಸೆರಗನ್ನು ಕಿತ್ತು ಕೆಳಗೆ ಬಿಟ್ಟಳು. ಗಂಡ ಬದುಕಿರುವ ಮುತ್ತೈದೆ, ಎರಡೂರಿನ ಹಿರಿಯರ ಎದುರು, ಹಾಡಹಗಲಿನಲ್ಲಿ ಬರಿದಲೆಯಲ್ಲಿ ನಿಂತಳು. ಮನೆಯಲ್ಲಿ ಹೆಣ ಬಿದ್ದಾಗ ಮಾತ್ರ ಕಾಣುವ ನೋಟ ಅದು. ಮೊದಲು ಹಲಗೆಯವನ ಕೈ ನಿಂತಿತು, ಆಮೇಲೆ ಕಹಳೆ, ಆಮೇಲೆ ಒಂದು ದಡ, ಆಮೇಲೆ ಇನ್ನೊಂದು. ಹೊಳೆಯಲ್ಲಿ ಈಜುವವರ ಕೈ ನೀರಿಗೆ ಬಡಿಯುವುದಷ್ಟೇ ಕೇಳುತ್ತಿತ್ತು.

"ನಾ ಈಗ ಯಾ ಊರಿನ ಮಗಳೂ ಅಲ್ಲ, ಸೊಸಿನೂ ಅಲ್ಲ" ಎಂದಳು. ಅವಳ ದನಿ ಕೂಗಿ ಕೂಗಿ ಒಡೆದಿತ್ತು. "ನನ್ನ ತಲಿ ಬರಿದು ಐತಿ, ನೋಡ್ರಿ. ನೀವೂ ಟೊಪ್ಪಿಗಿ ತಗೀರಿ. ತಗೀಲಾರದ ಯಾವುದು ಉಳೀತೈತಿ, ಅದರಿಂದ ದೂರ ಸರೀರಿ."

ಯಾರೂ ಅಲುಗಲಿಲ್ಲ. ತೆಗೆದರೆ ಗಡ್ಡೆ ಹೋಯಿತು, ಬೇಸಗೆ ಹೋಯಿತು. ಕೊನೆಗೆ ಸಾಲಿನ ತುದಿಯಲ್ಲಿದ್ದ ಗಡ್ಡಿಹಾಳದ ಹಿರಿಯ ಈರಸಂಗಪ್ಪ ಗದ್ದಕ್ಕೆ ಕೈ ಹಾಕಿದ. ಅವನ ಹುರಿ ಹಳೆಯದು, ಎಳೆದ ಕೂಡಲೇ ಹರಿಯಿತು. ಮುದುಕನ ನರೆತಲೆ ಬಿಸಿಲಿಗೆ ಬಿದ್ದಿತು. ಅದನ್ನು ನೋಡಿ ಪಕ್ಕದವನು ತೆಗೆದ, ಅವನ ಪಕ್ಕದವನು ತೆಗೆದ. ಒಂದೊಂದಾಗಿ ಮೊಸಳೆಗಳು ಮನುಷ್ಯರಾಗುತ್ತ ಬಂದರು, ಆದವರೆಲ್ಲ ಹಿಂದುಮುಂದು ನೋಡದೆ ದಿಬ್ಬದ ಮೇಲಕ್ಕೆ ಹತ್ತಿದರು. ನೀರಿನಲ್ಲಿ ಎರಡು ತಲೆಗಳು ಉಳಿದವು.

ಎರಡೂ ಒಂದೇ ಬಣ್ಣ, ಒಂದೇ ಮೂತಿ, ಎರಡೂ ಕದಲದೆ ಇದ್ದವು. ಅವಳ ಕೈ ಅಷ್ಟು ಚೆನ್ನಾಗಿ ಹೆಣೆದಿತ್ತು. "ಲಗಮಣ್ಣಾ, ತಗಿಯೋ ತಮ್ಮಾ" ಎಂದಳು ಮಲಕವ್ವ. ಒಂದು ತಲೆಯ ಕೆಳಗಿನಿಂದ ಎರಡು ಕೈಗಳು ಮೇಲೆ ಬಂದು ಗದ್ದದ ಬಳಿ ತಡಕಾಡತೊಡಗಿದವು. ಹಟವಿರಲಿಲ್ಲ ಅವನಿಗೆ. ಬೆಳಗಿನಿಂದ ನೀರು ಕುಡಿದ ಪುಂಡಿಯ ಹುರಿ ಉಬ್ಬಿ, ಎರಡು ಗಂಟುಗಳೂ ಒಂದಕ್ಕೊಂದು ಕಚ್ಚಿಕೊಂಡು ಕಲ್ಲಾಗಿದ್ದವು. ಚಳಿಗೆ ಮರಗಟ್ಟಿದ ಬೆರಳುಗಳು ಅವುಗಳ ಮೇಲೆ ಜಾರುತ್ತಿದ್ದವು. ಗರಿಯ ಮೂತಿ ಕಣ್ಣಿನ ಮೇಲೆ ಕುಸಿದಿತ್ತು, ಅವನಿಗೆ ದಿಕ್ಕು ಕಾಣುತ್ತಿರಲಿಲ್ಲ. "ಅಕ್ಕಾ, ಬಿಚ್ಚವಲ್ದು" ಎಂದ. ಆ ಮಾತು ಎರಡೂ ದಡಕ್ಕೆ ಕೇಳಿತು ಎನ್ನುತ್ತಾರೆ. ಇನ್ನೊಂದು ತಲೆ ಸದ್ದಿಲ್ಲದೆ ನೀರಿನೊಳಕ್ಕೆ ಇಳಿಯಿತು.

ಭರಮಪ್ಪನಿಗೆ ಆಗ ಬಂಡೆ ಕೈಯಳತೆಯಲ್ಲಿತ್ತು. ಟೊಪ್ಪಿಗೆ ಇಳಿದಾಗಲೇ ಗಡ್ಡೆ ಮುದ್ದಾಪುರದ್ದಾಗಿತ್ತು, ಬಂಡೆ ಹತ್ತಿದ್ದರೆ ಜೀವವೂ ಅವನದು. ಅವನು ಹೆಂಡತಿಯ ಬರಿದಲೆಯನ್ನು ನೋಡಿದ, ತಡಕಾಡುವ ಕೈಗಳನ್ನು ನೋಡಿದ, ಹೊರಳಿಕೊಂಡ. ಆ ಹೊರಳಿಕೆಯನ್ನು ಕಂಡಾಗ ಮಲಕವ್ವನಿಗೆ ತಮ್ಮನನ್ನು ಉಳಿಸು ಎನ್ನಬೇಕೋ ನೀನು ತಿರುಗಿ ಬಾ ಎನ್ನಬೇಕೋ ತಿಳಿಯಲಿಲ್ಲ. ಎರಡನ್ನೂ ಅನ್ನಲಾರದೆ, ಮದುವೆಯಾದಂದಿನಿಂದ ಬಾಯಲ್ಲಿ ಆಡದ ಗಂಡನ ಹೆಸರನ್ನು ಕೂಗಿದಳು. ಭರಮಪ್ಪ ಲಗಮಣ್ಣನನ್ನು ತಬ್ಬಿ ಹಿಡಿದು ಗದ್ದದ ಕೆಳಗೆ ಬಾಯಿ ಹಾಕಿದ. "ಮಾವಾ, ನೀ ಹೋಗು" ಎಂದು ಇವನು, "ಸುಮ್ಮನಿರೋ" ಎಂದು ಅವನು. ಅವನ ಹಲ್ಲಿಗೆ ಹುರಿ ಹರಿಯಿತು. ಟೊಪ್ಪಿಗೆ ಕಳಚಿ ನೀರಿನ ಮೇಲೆ ತೇಲಿತು. ಭರಮಪ್ಪ ಹುಡುಗನ ಬರಿದಲೆಯನ್ನು ಎರಡೂ ಕೈಯಿಂದ ಎತ್ತಿ ಬಂಡೆಯ ಕಡೆಗೆ ನೂಕಿದ. ಲಗಮಣ್ಣನ ಕೈಗೆ ಬಂಡೆ ಸಿಕ್ಕಿತು. ಅವನು ಹತ್ತಿ ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲ. ನೀರು ಒಮ್ಮೆ ಸುತ್ತಿತು, ಆಮೇಲೆ ಮೊದಲಿನಂತೆ ನಿಂತಿತು. ಕವಡೆ ಕಣ್ಣಿನ ಟೊಪ್ಪಿಗೆಯೊಂದು ಅದರ ಮೇಲೆ ಬಹಳ ಹೊತ್ತು ತೇಲುತ್ತಿತ್ತು.

ಮುದ್ದಾಪುರದ ಕೆಲವರು, ಗಂಡ ಬದುಕಿರುವಾಗಲೇ ಸೆರಗು ಇಳಿಸಿದಳು, ಅದಕ್ಕೇ ಹೀಗಾಯಿತು ಎಂದರು. ಹಾಗೆ ಅನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ತನ್ನ ಕೈ ಹೆಣೆದದ್ದು, ತನ್ನ ಕೈ ಗಂಟು ಹಾಕಿದ್ದು ಮಲಕವ್ವನಿಗೆ ಗೊತ್ತಿತ್ತು, ಅದರ ಮುಂದೆ ಊರಿನ ಮಾತು ಯಾವ ಲೆಕ್ಕ. ಅವಳು ಮತ್ತೆ ಬುಟ್ಟಿ ಹೆಣೆಯಲಿಲ್ಲ, ಮತ್ತೆ ತಲೆಯ ಮೇಲೆ ಸೆರಗು ಹೊದೆಯಲಿಲ್ಲ. ದಿನವೂ ದಡಕ್ಕೆ ಬಂದು, ದೋಣಿ ಹತ್ತುವವರ ಮುಂದೆ ಬರಿದಲೆಯಲ್ಲಿ ನಿಲ್ಲುವಳು. ಯಾರ ರುಮಾಲಿಗಾದರೂ ಕೈ ಚಾಚಿ "ತಗಿಯಪ್ಪಾ, ನಾ ನಿನ್ನ ತಲಿ ನೋಡಬೇಕು" ಎನ್ನುವಳು. ಮೊದಲು ಜನ ಹುಚ್ಚಿ ಎಂದುಕೊಂಡು ಕನಿಕರದಿಂದ ತೆಗೆದರು. ಆಮೇಲೆ ರೂಢಿಯಿಂದ ತೆಗೆದರು. ಆ ವರ್ಷದ ಗಡ್ಡೆಯಲ್ಲಿ ಎರಡೂ ಊರಿನವರು ಬಿತ್ತಲಿಲ್ಲ, ಉದುರಿದ ಬೀಜದಿಂದ ಬಳ್ಳಿ ತಾನೇ ಹಬ್ಬಿ ಹಣ್ಣು ತಾನೇ ಕೊಳೆಯಿತಂತೆ. ಮರುವರ್ಷ ಕರಿಯಂದು ಲಗಮಣ್ಣ ತಲೆ ಬೋಳಿಸಿಕೊಂಡು ಬಂದು ಮುದ್ದಾಪುರದ ದಡದಿಂದ ನೀರಿಗಿಳಿದ, ಮಾವನ ಪಾಲಿನ ಈಜನ್ನು ತಾನು ಈಜಿದ. ಮಲಕವ್ವ ತೀರಿಕೊಂಡ ಮೇಲೆ ಬಂಡೆಯ ಮೇಲೆ ಆ ಕಲ್ಲನ್ನು ನಿಲ್ಲಿಸಿದವನೂ ಅವನೇ.

ಪಂತ ಈಗಲೂ ನಡೆಯುತ್ತದೆ, ಎರಡೂ ಊರಿನವರೂ ಗಡ್ಡೆಯನ್ನು ಹಂಚಿಕೊಂಡು ಬಿತ್ತುತ್ತಾರೆ. ಅಡ್ಡಹೆಸರುಗಳೂ ಹೋಗಿಲ್ಲ. ಕಬಡ್ಡಿ ಪಂದ್ಯದ ಬ್ಯಾನರುಗಳ ಮೇಲೆ ಮುಳಗಾಯಿ ಮಂದಿ, ಮೊಸಳೆ ಮಂದಿ ಎಂದೇ ದಪ್ಪಕ್ಷರದಲ್ಲಿ ಬರೆಸುತ್ತಾರೆ. ಆದರೆ ಟೊಪ್ಪಿಗೆಗಳು ಹೊಳೆಯಿಂದ ದೂರ, ಶಾಲೆಯ ಬಯಲಿನಲ್ಲಿ ಮಾತ್ರ. ಮಡುವಿನ ದಡದಲ್ಲಿ ಹುರಿಯ ಗಂಟು ಹಾಕುವವರಿಲ್ಲ. ಈಗಿನ ದೋಣಿಯವನು ದುರಗಪ್ಪನ ವಂಶದವನು ಎನ್ನುತ್ತಾರೆ. ಕೋಡಿನ ಟೊಪ್ಪಿಗೆ, ಕೆಂಪು ಕೂದಲು, ಕಲ್ಲಂಗಡಿ ಸಿಪ್ಪೆ ಎಲ್ಲವೂ ಹುಡುಗರ ತೊಡೆಯ ಮೇಲೆ ಇಳಿದ ಮೇಲೂ ಅವನು ಕೂಡಲೇ ಹುಟ್ಟು ಹಾಕುವುದಿಲ್ಲ. ದೋಣಿಯಲ್ಲಿರುವ ಬರಿದಲೆಗಳನ್ನೆಲ್ಲ ಒಮ್ಮೆ ನೋಡಿ, ಆಮೇಲೆ ಎದ್ದು ನಿಂತು, ಬಂಡೆಯ ಸುತ್ತಲಿನ ನೀರನ್ನು ನೋಡುತ್ತಾನೆ. ಮನುಷ್ಯರಾದವರೆಲ್ಲ ತೆಗೆದಾಗಿದೆ. ಇನ್ನೂ ತೆಗೆಯದ ತಲೆ ಎಲ್ಲಾದರೂ ಇದೆಯೇ ಎಂದು ಅವನು ಹುಡುಕುತ್ತಿರುತ್ತಾನೆ. ದೋಣಿಯಲ್ಲಿದ್ದವರೂ ಆಗ ಮಾತು ನಿಲ್ಲಿಸಿ ನೀರನ್ನೇ ನೋಡುತ್ತಾರೆ.